ದ್ರೋಹಿಯ ಹೆಸರು ಹೊತ್ತ ನಾಟಕ

ಅರಸನ ಅಳಿವಿಗೆ ಹಗೆಯ ಖಡ್ಗವೇ ಕಾರಣವೆಂದು ಎಣಿಸುವುದು ಲೋಕದ ವಾಡಿಕೆ. ಆದರೆ ಚರಿತ್ರೆಯ ಪುಟಗಳನ್ನು ಸಮಾಧಾನದಿಂದ ತಿರುವಿ ನೋಡಿದವರಿಗೆ ಬೇರೊಂದು ಸಂಗತಿಯೂ ಗೋಚರವಾಗುತ್ತದೆ. ಕೋಟೆಯ ಹೊರಗೆ ಡೇರೆ ಹೂಡಿದ ಶತ್ರುವಿನಿಂದ ಅಳಿದ ಅರಸರುಂಟು; ಕೋಟೆಯ ಒಳಗೆ, ಸಿಂಹಾಸನದ ಪಕ್ಕದಲ್ಲಿಯೇ, ತಾವೇ ಮೆಚ್ಚಿ ಮೇಲಕ್ಕೆತ್ತಿದವನಿಂದ ಅಳಿದ ಅರಸರೂ ಉಂಟು. ಮೊದಲನೆಯವರ ಮರಣವನ್ನು ವೀರಮರಣವೆಂದು ಹಾಡುತ್ತೇವೆ. ಎರಡನೆಯವರ ಮರಣವನ್ನು ಏನೆಂದು ಕರೆಯಬೇಕೆಂಬುದು ಸುಲಭವಾಗಿ ತೋಚದು. ಬೇಲಿಯೇ ಎದ್ದು ಹೊಲ ಮೇಯ್ದರೆ ಹೊಲದ ತಪ್ಪೇನು ಎಂದು ಕೇಳುವವರಿದ್ದಾರೆ. ಆ ಬೇಲಿಯನ್ನು ನೆಟ್ಟವರಾರು, ಅದಕ್ಕೆ ನೀರೆರೆದವರಾರು ಎಂದು ಕೇಳುವುದು ಚರಿತ್ರಕಾರನ ಕೆಲಸ. ಆ ಪ್ರಶ್ನೆಗೆ ರಂಗದ ಮೇಲೆ ಉಸಿರು ಕೊಡುವುದು ನಾಟಕಕಾರನ ಕೆಲಸ.

ಈ ಎರಡು ಕೆಲಸಗಳೂ ಒಂದೆಡೆ ಕೂಡಿದ ಕೃತಿಯೊಂದು ಕನ್ನಡದಲ್ಲಿದೆ. ಅದು ಸಂಸರ ‘ವಿಗಡ ವಿಕ್ರಮರಾಯ’. ಮೈಸೂರಿನ ಇಮ್ಮಡಿ ರಾಜ ಒಡೆಯನು ೧೬೩೮ರಲ್ಲಿ ತನ್ನ ದಳವಾಯಿಯಿಂದಲೇ ವಿಷಪ್ರಾಶನಕ್ಕೆ ಗುರಿಯಾಗಿ ಮಡಿದ ಪ್ರಸಂಗ, ತರುವಾಯ ಆ ದಳವಾಯಿ ವಿಕ್ರಮರಾಯನಿಗೆ ಒದಗಿದ ಗತಿ, ಇವೇ ಆ ನಾಟಕದ ಹಿನ್ನೆಲೆ. ಇದನ್ನು ಕುರಿತು ಯೋಚಿಸುವಾಗಲೆಲ್ಲ ಒಂದು ಪ್ರಶ್ನೆ ನಮ್ಮನ್ನು ಕಾಡುತ್ತದೆ. ಸತ್ತವನು ಅರಸ, ಸತ್ತವನ ಸೇಡನ್ನು ತೀರಿಸಿದವನು ಮತ್ತೊಬ್ಬ ಅರಸ. ಹೀಗಿರುವಲ್ಲಿ ನಾಟಕಕ್ಕೆ ದ್ರೋಹಿಯ ಹೆಸರೇಕೆ? ಈ ಪ್ರಶ್ನೆಗೆ ನಮ್ಮ ಬುದ್ಧಿಗೆ ಎಟುಕಿದಮಟ್ಟಿಗೆ ಉತ್ತರವನ್ನು ಹುಡುಕುವುದೇ ಈ ಲೇಖನದ ಉದ್ದೇಶ.

ಮೈಸೂರಿನ ಅರಮನೆಯ ಕಥೆ ನಿಲಕ್ಕೋಟ್ಟೈಯ ಓದುಗರಿಗೆ ಏತಕ್ಕೆ ಎಂದು ವಾಚಕ ಮಹಾಶಯರು ಕೇಳಬಹುದು. ಉತ್ತರಕ್ಕೆ ದಿಂಡಿಗಲ್ಲು, ದಕ್ಷಿಣಕ್ಕೆ ವೈಗೈ ನದಿ ಮತ್ತು ಮಧುರೆ. ಇವುಗಳ ನಡುವಣ ನೆಲ ನಮ್ಮದು. ಕಂಬಂ ಕಣಿವೆಯ ಕಪ್ಪಿಲಿಯರು, ಈ ಸೀಮೆಯ ಅನುಪ್ಪರು, ಮಗ್ಗವನ್ನೇ ನಂಬಿದ ದೇವಾಂಗರು ಮನೆಯಲ್ಲಿ ಕನ್ನಡವನ್ನಾಡುತ್ತ, ಬೀದಿಯಲ್ಲಿ ತಮಿಳನ್ನಾಡುತ್ತ ತಲೆಮಾರುಗಳನ್ನು ಕಳೆದಿದ್ದಾರೆ. ಈ ನೆಲದ ಮೇಲೆ ಮೈಸೂರಿನ ದಂಡು ಒಮ್ಮೆಯಲ್ಲ, ಹಲವು ಬಾರಿ ನಡೆದು ಹೋಗಿದೆ. ವಿಕ್ರಮರಾಯನ ಕಥೆಯ ಮುಂದಿನ ಅಂಕಗಳು ಇಲ್ಲಿಯೇ ನಡೆದವೆಂದರೆ ಅತಿಶಯೋಕ್ತಿಯಾಗದು. ಅದನ್ನು ಮುಂದೆ ಕಾಣಬಹುದು.

ಮೊದಲು ಕವಿಯ ವಿಚಾರ. ಸಂಸ ಎಂಬುದು ಕಾವ್ಯನಾಮ; ಅವರ ಹೆಸರು ಸಾಮಿ ವೆಂಕಟಾದ್ರಿ ಅಯ್ಯರ್. ೧೮೯೮ರಲ್ಲಿ ಯಳಂದೂರು ಸೀಮೆಯ ಅಗರದಲ್ಲಿ ಹುಟ್ಟಿದರು. ಕವಿ ತನಗೆ ‘ಕಂಸ’ ಎಂಬ ಹೆಸರನ್ನು ಇಟ್ಟುಕೊಂಡಿದ್ದನೆಂದೂ, ಅದು ಅಚ್ಚಿನಲ್ಲಿ ‘ಸಂಸ’ವಾಯಿತೆಂದೂ ಹೇಳುವುದುಂಟು. ಮೈಸೂರು ಅರಸರ ಚರಿತ್ರೆಯನ್ನು ನಾಟಕಗಳ ಮಾಲೆಯಾಗಿ ಬರೆಯಲು ಅವರು ಹೊರಟರು. ಇಪ್ಪತ್ತಮೂರು ನಾಟಕಗಳನ್ನು ಬರೆದರೆಂದು ಪ್ರತೀತಿ. ಉಳಿದು ಬಂದವು ಆರು ಮಾತ್ರ: ‘ಸುಗುಣ ಗಂಭೀರ’, ‘ವಿಗಡ ವಿಕ್ರಮರಾಯ’, ‘ವಿಜಯ ನಾರಸಿಂಹ’, ‘ಬಿರುದೆಂತೆಂಬರ ಗಂಡ’, ‘ಬೆಟ್ಟದ ಅರಸು’, ‘ಮಂತ್ರಶಕ್ತಿ’. ಕಡೆಗಾಲದಲ್ಲಿ ಪೊಲೀಸರು ತಮ್ಮ ಬೆನ್ನು ಹತ್ತಿದ್ದಾರೆಂಬ ಭೀತಿ ಅವರ ಮನಸ್ಸನ್ನು ಕವಿಯಿತು. ಊರಿಂದೂರಿಗೆ ಅಲೆದು, ೧೯೩೯ರಲ್ಲಿ ಮೈಸೂರಿನಲ್ಲಿ ತಮ್ಮ ಕೈಯಿಂದಲೇ ಜೀವವನ್ನು ಕಳೆದುಕೊಂಡರು. ಬೆಂಗಳೂರಿನ ರವೀಂದ್ರ ಕಲಾಕ್ಷೇತ್ರದ ಹಿಂದಿರುವ ಬಯಲು ರಂಗಮಂದಿರಕ್ಕೆ ಇಂದು ಅವರ ಹೆಸರಿದೆ. ನಂಬಿಕೆ, ಸಂಶಯ, ಒಳಸಂಚು ಇವುಗಳ ಲೋಕವನ್ನು ಇಷ್ಟು ಬಲ್ಲವನಾಗಿ ಚಿತ್ರಿಸಿದ ಕವಿಗೆ ಆ ಲೋಕವೇ ಕೊನೆಗೆ ಸೆರೆಮನೆಯಾದುದು ಮನಸ್ಸನ್ನು ಕಲಕುವ ಸಂಗತಿ.

ಇನ್ನು ನಾಟಕದ ಹೆಸರಿನಲ್ಲಿರುವ ಮಾತು. ‘ವಿಗಡ’ ಎಂಬುದು ಹಳಗನ್ನಡದಲ್ಲಿ ಬಳಕೆಯಲ್ಲಿದ್ದ ಪದ. ಪರಾಕ್ರಮಿ ಎಂಬುದೂ ಅದರ ಅರ್ಥ. ಭಯಂಕರ ಎಂಬುದೂ ಅದರ ಅರ್ಥ. ಯಾವುದೋ ಒಂದನ್ನೇ ಹಿಡಿದು ವಿಕ್ರಮರಾಯನನ್ನು ಅಳೆಯಲಾಗದು. ಪರಾಕ್ರಮವಿಲ್ಲದವನು ದಳವಾಯಿಯ ಪದವಿಗೆ ಏರುತ್ತಿರಲಿಲ್ಲ. ಭಯಂಕರನಲ್ಲದವನು ಅರಸನ ಅನ್ನಕ್ಕೆ ವಿಷ ಬೆರೆಸಲು ಅಪ್ಪಣೆ ಕೊಡುತ್ತಿರಲಿಲ್ಲ. ಒಂದೇ ಗುಣವು ಹಿಡಿತವಿದ್ದಾಗ ರಾಜ್ಯವನ್ನು ಕಾಯುತ್ತದೆ, ಹಿಡಿತ ತಪ್ಪಿದಾಗ ರಾಜನನ್ನು ಕೊಲ್ಲುತ್ತದೆ ಎಂಬ ಸೂಚನೆ ಆ ಒಂದು ಪದದಲ್ಲಿ ಅಡಗಿದೆ.

ಆ ಹಿಡಿತ ತಪ್ಪಿದ ಬಗೆಯನ್ನು ತಿಳಿಯಲು ಸ್ವಲ್ಪ ಹಿಂದಕ್ಕೆ ಹೋಗಬೇಕು. ೧೬೧೦ರಲ್ಲಿ ರಾಜ ಒಡೆಯನು ವಿಜಯನಗರದ ಪ್ರತಿನಿಧಿಯಾಗಿದ್ದ ತಿರುಮಲರಾಯನಿಂದ ಶ್ರೀರಂಗಪಟ್ಟಣವನ್ನು ಕೈವಶಮಾಡಿಕೊಂಡನು. ಆವರೆಗೆ ಸಣ್ಣ ಪಾಳೆಯಪಟ್ಟಿನಂತಿದ್ದ ಮೈಸೂರು ಅಂದಿನಿಂದ ರಾಜ್ಯವೆನಿಸಿತು. ಆದರೆ ರಾಜ ಒಡೆಯನ ಬೆಳೆದ ಮಕ್ಕಳು ತಂದೆಗಿಂತ ಮೊದಲೇ ತೀರಿಕೊಂಡರು. ೧೬೧೭ರಲ್ಲಿ ಅವನ ತರುವಾಯ ಪಟ್ಟಕ್ಕೆ ಬಂದವನು ಹರೆಯದ ಮೊಮ್ಮಗ ಚಾಮರಾಜ ಒಡೆಯ. ಅಲಮೇಲಮ್ಮನ ಶಾಪದಿಂದಲೇ ಮೈಸೂರು ದೊರೆಗಳಿಗೆ ಸಂತತಿಯಿಲ್ಲದಂತಾಯಿತೆಂಬ ಕಥೆಯನ್ನು ಕನ್ನಡ ನಾಡಿನ ಮಕ್ಕಳೆಲ್ಲ ಬಲ್ಲರು. ಶಾಪವನ್ನು ನಂಬುವವರು ನಂಬಲಿ. ಚರಿತ್ರೆಯನ್ನು ಓದುವವನು ಗಮನಿಸಬೇಕಾದುದು ಇಷ್ಟು: ಸಿಂಹಾಸನದ ಮೇಲೆ ಎಳೆಯನು ಕುಳಿತಾಗ ಅದರ ಪಕ್ಕದಲ್ಲಿ ನಿಂತವನು ದೊಡ್ಡವನಾಗುತ್ತಾನೆ.

ಹಾಗೆ ಪಕ್ಕದಲ್ಲಿ ನಿಂತವನೇ ದಳವಾಯಿ. ದಳವನ್ನು ನಡೆಸುವವನು, ಅಂದರೆ ಸೇನಾಪತಿ, ಎಂಬುದು ಆ ಪದದ ನೇರವಾದ ಅರ್ಥ. ಆದರೆ ಮೈಸೂರಿನಲ್ಲಿ ಆ ಪದವಿ ಸೇನೆಗಷ್ಟೇ ನಿಲ್ಲಲಿಲ್ಲ. ಕುದುರೆ, ಕಾಲಾಳು, ಕೋಟೆಯ ಬಾಗಿಲು, ಬೊಕ್ಕಸ, ಆಸ್ಥಾನಕ್ಕೆ ಯಾರು ಬರಬೇಕು ಯಾರು ಬರಬಾರದು ಎಂಬ ತೀರ್ಮಾನ ಇವೆಲ್ಲವೂ ಮೆಲ್ಲಮೆಲ್ಲನೆ ದಳವಾಯಿಯ ಕಡೆಗೆ ಜಾರತೊಡಗಿದವು. ಕೊಟ್ಟವರು ಯಾರೂ ಅದನ್ನು ಒಂದೇ ದಿನದಲ್ಲಿ ಕೊಟ್ಟವರಲ್ಲ. ಇಂದು ಒಂದು ಬೀಗದ ಕೈ, ನಾಳೆ ಇನ್ನೊಂದು. ಕೊನೆಗೆ ಗೊಂಚಲು ಪೂರ್ತಿ ಅವನ ನಡುವಿನಲ್ಲಿ ನೇತಾಡತೊಡಗಿದಾಗ, ಅದನ್ನು ಮರಳಿ ಕೇಳುವ ಧೈರ್ಯ ಯಾರಿಗೂ ಉಳಿದಿರಲಿಲ್ಲ.

೧೬೩೭ರಲ್ಲಿ ಚಾಮರಾಜ ಒಡೆಯನು ಕಾಲವಾದನು. ರಾಜ ಒಡೆಯನ ಮಗ ಇಮ್ಮಡಿ ರಾಜ ಒಡೆಯನು ಪಟ್ಟವೇರಿದನು. ಅವನ ಹೊಸ ಆಳ್ವಿಕೆಯ ಭಾರವೆಲ್ಲ ದಳವಾಯಿ ವಿಕ್ರಮರಾಯನ ಭುಜದ ಮೇಲೆ ಬಿದ್ದಿತು. ಒಬ್ಬನನ್ನು ನಂಬಿ ಅವನಿಗೆ ಸರ್ವಾಧಿಕಾರವನ್ನು ಒಪ್ಪಿಸಿಬಿಟ್ಟರೆ ಅರಸನಿಗೆ ಎರಡು ನಷ್ಟಗಳು. ಉಳಿದವರ ಮಾತು ಅವನ ಕಿವಿಗೆ ಬೀಳುವುದಿಲ್ಲ, ಅದು ಮೊದಲನೆಯದು. ನಂಬಿದವನ ಮೇಲೆ ಸಂಶಯ ಹುಟ್ಟಿದ ದಿನ ಆ ಸಂಶಯವನ್ನು ಹೇಳಿಕೊಳ್ಳಲು ಇನ್ನೊಬ್ಬನಿರುವುದಿಲ್ಲ, ಅದು ಎರಡನೆಯದು. ಪಟ್ಟವೇರಿ ಎರಡು ವರ್ಷಗಳೂ ತುಂಬುವುದರೊಳಗಾಗಿ, ೧೬೩೮ರಲ್ಲಿ, ಇಮ್ಮಡಿ ರಾಜ ಒಡೆಯನು ವಿಷದಿಂದ ಸತ್ತನು. ಅಪ್ಪಣೆ ವಿಕ್ರಮರಾಯನದು. ರಣರಂಗದಲ್ಲಿ ಆನೆಯ ಮೇಲೆ ಕುಳಿತು ಸಾಯುವ ಅರಸನ ಸುತ್ತ ಸಾವಿರ ಜನರಿರುತ್ತಾರೆ. ನಂಬಿದವನ ಕೈಯಿಂದ ಸಾಯುವ ಅರಸನು ಒಬ್ಬಂಟಿ.

ವಿಕ್ರಮರಾಯನು ತಾನೇ ಸಿಂಹಾಸನವನ್ನು ಏರಲಿಲ್ಲ. ರಾಜ ಒಡೆಯನ ತಮ್ಮನಾದ ಬೆಟ್ಟದ ಚಾಮರಾಜ ಒಡೆಯನ ಮಗ, ತೆರಕಣಾಂಬಿಯಲ್ಲಿ ವಾಸವಾಗಿದ್ದ ಕಂಠೀರವ ನರಸರಾಜನು ಅರಸನಾದನು. ಮುಂದೆ ರಣಧೀರನೆಂದು ಹೆಸರಾದವನು ಇವನೇ. ಇವನ ತಾರುಣ್ಯದ ಸಾಹಸವೊಂದನ್ನು ನಮ್ಮ ಈ ಭಾಗದವರು ವಿಶೇಷವಾಗಿ ತಿಳಿದಿರತಕ್ಕದ್ದು. ಆಗ ಮಧುರೆಯ ನಾಯಕರ ಆಸ್ಥಾನವಿದ್ದ ತಿರುಚಿರಾಪಳ್ಳಿಯಲ್ಲಿ ಎದುರಿಲ್ಲದ ಜಟ್ಟಿಯೊಬ್ಬನಿದ್ದನೆಂದೂ, ಕಂಠೀರವನು ಮಾರುವೇಷದಲ್ಲಿ ಅಲ್ಲಿಗೆ ಹೋಗಿ ಆ ಜಟ್ಟಿಯನ್ನು ಕೆಡವಿ ಕೊಂದು, ಬಹುಮಾನವನ್ನೂ ಬಯಸದೆ ರಾತ್ರೋರಾತ್ರಿ ಹಿಂದಿರುಗಿದನೆಂದೂ ಕಥೆ. ಸಂಸರ ‘ಬಿರುದೆಂತೆಂಬರ ಗಂಡ’ ನಾಟಕಕ್ಕೆ ಈ ಪ್ರಸಂಗವೇ ಆಧಾರ.

ಇಂಥ ತೋಳ್ಬಲದವನನ್ನು ತನ್ನ ಕೈಗೊಂಬೆಯಾಗಿ ಇಟ್ಟುಕೊಳ್ಳಬಹುದೆಂದು ಎಣಿಸಿದುದೇ ವಿಕ್ರಮರಾಯನ ಅಹಂಕಾರದ ಅಳತೆ. ಅವನ ಅಂತ್ಯವನ್ನು ೧೮೧೦ರಲ್ಲಿ ಪ್ರಕಟವಾದ ಇತಿಹಾಸದಲ್ಲಿ ವಿಲ್ಕ್ಸ್ ಎಂಬ ಆಂಗ್ಲ ಅಧಿಕಾರಿ ವಿವರಿಸಿದ್ದಾನೆ. ಹೊಸ ಅರಸನು ತನ್ನಲ್ಲಿ ವಿಶ್ವಾಸವಿಟ್ಟ ಇಬ್ಬರು ಕಾವಲಿನವರಿಗೆ ಕೆಲಸವನ್ನು ಒಪ್ಪಿಸಿದನು. ಅವರು ಇರುಳಿನಲ್ಲಿ ದಳವಾಯಿಯ ಮನೆಯ ಗೋಡೆಯನ್ನು ಏರಿ ಅಂಗಳದಲ್ಲಿ ಅಡಗಿ ನಿಂತರು. ಒಬ್ಬನೇ ಒಬ್ಬ ದೀವಟಿಗೆಯವನನ್ನು ಮುಂದಿಟ್ಟುಕೊಂಡು ದಳವಾಯಿ ಹೊರಬಂದನು. ದೀವಟಿಗೆಯವನು ಮೊದಲು ಬಿದ್ದನು, ಬೆಳಕು ಆರಿತು. ಕತ್ತಲೆಯಲ್ಲಿ ದಳವಾಯಿಯೂ ಕಾವಲಿನವನೊಬ್ಬನೂ ತೆಕ್ಕೆಬಿದ್ದು ನೆಲಕ್ಕುರುಳಿದರು. ದಳವಾಯಿ ಮೇಲಾಗಿ ಅವನ ಗಂಟಲನ್ನು ಅದುಮಿದನು. ಎರಡನೆಯವನಿಗೆ ಯಾರು ಎಲ್ಲಿದ್ದಾರೆಂದು ಕಾಣದು. ನೀನು ಮೇಲಿರುವೆಯೋ ಕೆಳಗಿರುವೆಯೋ ಎಂದು ಕೂಗಿದನು. ಕೆಳಗೆ ಎಂದು ಉಸಿರುಗಟ್ಟಿದ ದನಿ ಬಂದಿತು. ಮೇಲಿದ್ದವನ ಮೇಲೆ ಪೆಟ್ಟು ಬಿದ್ದಿತು. ವಿಕ್ರಮರಾಯನ ಕಥೆ ಮುಗಿಯಿತು.

ಮೇಲೋ ಕೆಳಗೋ ಎಂಬ ಆ ಕತ್ತಲೆಯ ಪ್ರಶ್ನೆಯನ್ನು ಓದಿದಾಗ ನಮಗೆ ರೋಮಾಂಚವಾಗುತ್ತದೆ. ಜೀವಮಾನವೆಲ್ಲ ಮೇಲೇರುವುದನ್ನೇ ಬಯಸಿದವನು, ಮೇಲೆ ಇದ್ದುದರಿಂದಲೇ ಸತ್ತನು. ಯಾವ ನಾಟಕಕಾರನೂ ಇದಕ್ಕಿಂತ ಅರ್ಥವತ್ತಾದ ಅಂತ್ಯವನ್ನು ಕಲ್ಪಿಸಲಾರನು.

ಆದರೆ ಉಪಾಧ್ಯಾಯರಾದ ನಾವು ಇಲ್ಲಿ ವಿದ್ಯಾರ್ಥಿಗಳಿಗೆ ಒಂದು ಎಚ್ಚರಿಕೆಯ ಮಾತನ್ನು ಹೇಳಬೇಕು. ವಿಲ್ಕ್ಸ್ ಬರೆದುದು ಘಟನೆ ನಡೆದು ನೂರೆಪ್ಪತ್ತು ವರ್ಷಗಳು ಸಂದಮೇಲೆ. ಅಷ್ಟು ಕಾಲ ಬಾಯಿಂದ ಬಾಯಿಗೆ ಬಂದ ಕಥೆಗೆ ಬಣ್ಣ ಹತ್ತದೆ ಇರದು. ಕಂಠೀರವನ ಸಮಕಾಲೀನ ಕವಿಯಾದ ಗೋವಿಂದ ವೈದ್ಯನು ೧೬೪೮ರಲ್ಲಿ ‘ಕಂಠೀರವ ನರಸರಾಜ ವಿಜಯ’ವನ್ನು ಸಾಂಗತ್ಯದಲ್ಲಿ ರಚಿಸಿದನು, ಶ್ರೀರಂಗಪಟ್ಟಣದ ಬೀದಿಗಳು, ಮಹಾನವಮಿಯ ವೈಭವ, ದೊರೆಯ ದಿಗ್ವಿಜಯ ಅದರಲ್ಲಿ ಕಣ್ಣಿಗೆ ಕಟ್ಟುತ್ತವೆ. ಆದರೆ ಅದು ಆಸ್ಥಾನದ ಕಾವ್ಯ. ಒಡೆಯನ ಕೀರ್ತಿ ಅದರ ಗುರಿ. ಒಂದು ಆಧಾರ ಹೊಗಳಲು ಹುಟ್ಟಿತು, ಇನ್ನೊಂದು ತಡವಾಗಿ ಹುಟ್ಟಿತು. ಎರಡನ್ನೂ ಪಕ್ಕಪಕ್ಕದಲ್ಲಿಟ್ಟು ಓದುವುದೇ ಚರಿತ್ರೆಯ ಅಭ್ಯಾಸ. ನಾಟಕಕಾರನ ದಾರಿ ಬೇರೆ. ಆಧಾರಗಳು ಮೌನವಾದ ಎಡೆಯಲ್ಲಿ ಅವನು ಮನುಷ್ಯನ ಮನಸ್ಸಿನೊಳಕ್ಕೆ ಇಳಿಯುತ್ತಾನೆ. ವಿಷದ ಬಟ್ಟಲು ಅರಸನ ಕೈಗೆ ಹೋದುದು ಚರಿತ್ರೆಗೆ ಗೊತ್ತು. ಅದನ್ನು ಕಳುಹಿಸಿದವನು ಆ ರಾತ್ರಿ ನಿದ್ರಿಸಿದನೋ ಇಲ್ಲವೋ ಎಂಬುದನ್ನು ಕೇಳುವವನು ನಾಟಕಕಾರ.

ಈ ಬಗೆಯ ನಾಟಕ ಕನ್ನಡಕ್ಕೆ ಹೊಸದಾಗಿತ್ತು. ಸಂಸ್ಕೃತ ನಾಟಕದ ಸಂಪ್ರದಾಯವು ಶೋಕದಲ್ಲಿ ಮುಗಿಯುವ ಕಥೆಯನ್ನು ಒಲ್ಲದು. ಎಷ್ಟು ಕಷ್ಟವಿದ್ದರೂ ಕಡೆಗೆ ಮಂಗಳವಾಗಬೇಕು. ಇಪ್ಪತ್ತನೆಯ ಶತಮಾನದ ಮೊದಲ ದಶಕಗಳಲ್ಲಿ ಇಂಗ್ಲಿಷ್ ಮತ್ತು ಗ್ರೀಕ್ ನಾಟಕಗಳ ಪರಿಚಯವಾದ ತರುವಾಯ ರುದ್ರನಾಟಕವು ನಮ್ಮಲ್ಲಿ ಬೇರು ಬಿಟ್ಟಿತು. ಬಿ. ಎಂ. ಶ್ರೀಕಂಠಯ್ಯನವರ ‘ಗದಾಯುದ್ಧ ನಾಟಕಂ’, ‘ಅಶ್ವತ್ಥಾಮನ್’ ಬಂದುದು ಆ ಕಾಲದಲ್ಲಿಯೇ. ಸಂಸರು ಪುರಾಣವನ್ನು ಬಿಟ್ಟು, ತಮ್ಮ ನೆಲದ ಸಮೀಪದ ಚರಿತ್ರೆಯನ್ನೇ ರುದ್ರನಾಟಕಕ್ಕೆ ಆರಿಸಿಕೊಂಡರು. ಭಾಷೆಯನ್ನೂ ಆ ಕಾಲಕ್ಕೆ ಹೊಂದುವಂತೆ ಹಳೆಯ ಗಾಂಭೀರ್ಯದಿಂದ ಕಡೆದರು. ಓದುವಾಗ ಮೊದಲು ತಡವರಿಸುವಂತಾದರೂ, ಗಟ್ಟಿಯಾಗಿ ಹೇಳಿದಾಗ ಆ ಮಾತಿನ ಬಿಗಿ ತಿಳಿಯುತ್ತದೆ.

ಹೋಲಿಕೆಗಾಗಿ ಪಶ್ಚಿಮದ ಒಂದು ನಾಟಕವನ್ನು ನೆನೆಯಬಹುದು. ಕ್ರಿಸ್ಟೊಫರ್ ಮಾರ್ಲೊ ಎಂಬ ಆಂಗ್ಲ ಕವಿಯ ‘ಎರಡನೆಯ ಎಡ್ವರ್ಡ್’ ೧೫೯೪ರಲ್ಲಿ ಅಚ್ಚಾಯಿತು. ೧೩೦೭ರಿಂದ ೧೩೨೭ರವರೆಗೆ ಇಂಗ್ಲೆಂಡನ್ನು ಆಳಿದ ಎಡ್ವರ್ಡ್ ದೊರೆ ಗ್ಯಾವೆಸ್ಟನ್ ಎಂಬುವನನ್ನು ಅತಿಯಾಗಿ ಮೆಚ್ಚಿ ಪದವಿಗಳನ್ನು ಸುರಿದನು. ಸರದಾರರು ಕೆರಳಿ ೧೩೧೨ರಲ್ಲಿ ಗ್ಯಾವೆಸ್ಟನನನ್ನು ಕೊಂದರು. ದೊರೆಗೆ ಬುದ್ಧಿ ಬರಲಿಲ್ಲ. ಬೇರೆ ಮೆಚ್ಚಿನವರನ್ನು ಕಟ್ಟಿಕೊಂಡನು. ಕೊನೆಗೆ ರಾಣಿ ಇಸಬೆಲ್ಲಳೂ ಮಾರ್ಟಿಮರ್ ಎಂಬ ಸರದಾರನೂ ಕೂಡಿ ಅವನನ್ನು ಪಟ್ಟದಿಂದ ಇಳಿಸಿದರು. ಅವನು ಸೆರೆಯಲ್ಲಿಯೇ ಸತ್ತನು. ಅಲ್ಲಿ ದ್ರೋಹವೆಸಗಿದವರು ಪಕ್ಷಪಾತದಿಂದ ನೊಂದವರು. ಮೈಸೂರಿನಲ್ಲಿ ದ್ರೋಹವೆಸಗಿದವನು ಪಕ್ಷಪಾತದಿಂದ ಉಂಡವನು. ದಾರಿ ಎರಡಾದರೂ ಮೂಲ ಒಂದೇ. ಅರಸನು ತನ್ನ ಕೃಪೆಯನ್ನು ಒಬ್ಬನ ಮೇಲೆಯೇ ಸುರಿದಾಗ, ಉಳಿದವರ ಹೊಟ್ಟೆಯಲ್ಲಿ ಕಿಚ್ಚು ಹುಟ್ಟುತ್ತದೆ. ಪಡೆದವನ ಹೊಟ್ಟೆಯಲ್ಲಿ ಇನ್ನೂ ಬೇಕೆಂಬ ಹಸಿವು ಹುಟ್ಟುತ್ತದೆ. ಎರಡರಲ್ಲಿ ಯಾವುದು ಮೊದಲು ಅರಮನೆಯನ್ನು ಸುಡುವುದೆಂಬುದು ಕಾಲದ ಮಾತು.

ಈಗ ನಾವು ಮೊದಲು ಎತ್ತಿದ ಪ್ರಶ್ನೆಗೆ ಬರೋಣ. ಮಾರ್ಲೊ ತನ್ನ ನಾಟಕಕ್ಕೆ ಅರಸನ ಹೆಸರನ್ನಿಟ್ಟನು. ಸಂಸರು ದಳವಾಯಿಯ ಹೆಸರನ್ನಿಟ್ಟರು. ಇಮ್ಮಡಿ ರಾಜ ಒಡೆಯನ ಮರಣ ಕರುಣಾಜನಕ. ಆದರೆ ಅವನು ಮಾಡಿದುದಕ್ಕಿಂತ ಅವನಿಗೆ ಆದುದೇ ಹೆಚ್ಚು. ಆರಿಸುವ ಶಕ್ತಿಯಿದ್ದವನು ವಿಕ್ರಮರಾಯ. ರಕ್ಷಕನಾಗಿ ಉಳಿಯುವ ದಾರಿಯೂ ಭಕ್ಷಕನಾಗುವ ದಾರಿಯೂ ಅವನ ಮುಂದಿದ್ದವು. ಅವನು ಎರಡನೆಯದನ್ನು ಆರಿಸಿದನು. ರುದ್ರನಾಟಕವು ಆರಿಸಿದವನ ಕಥೆ. ಇಷ್ಟೇ ಅಲ್ಲದೆ ಇನ್ನೊಂದು ಕಾರಣವೂ ನಮಗೆ ಹೊಳೆಯುತ್ತದೆ. ದ್ರೋಹಿಯನ್ನು ರಕ್ಕಸನೆಂದು ದೂರ ಸರಿಸಿಬಿಟ್ಟರೆ ನೋಡುವವನು ನೆಮ್ಮದಿಯಿಂದ ಮನೆಗೆ ಹೋಗುತ್ತಾನೆ. ಅವನನ್ನೇ ನಡುರಂಗಕ್ಕೆ ತಂದು ನಿಲ್ಲಿಸಿದರೆ, ಇವನನ್ನು ಇಷ್ಟು ಎತ್ತರಕ್ಕೆ ಏರಿಸಿದವರಾರು ಎಂದು ಕೇಳದೆ ವಿಧಿಯಿಲ್ಲ. ದ್ರೋಹಿಯ ಹೆಸರು ಹೊತ್ತ ನಾಟಕವು ಹೀಗೆ ಅರಸನನ್ನೇ ಪ್ರಶ್ನಿಸುತ್ತದೆ.

ಕಂಠೀರವನು ಈ ಪಾಠವನ್ನು ಕಲಿತನೆಂದೇ ಹೇಳಬೇಕು. ಪಟ್ಟಕ್ಕೆ ಬಂದ ಕೆಲವೇ ತಿಂಗಳುಗಳಲ್ಲಿ, ೧೬೩೯ರಲ್ಲಿ, ಬಿಜಾಪುರದ ರಣದುಲ್ಲಾಖಾನನು ಶ್ರೀರಂಗಪಟ್ಟಣದ ಮೇಲೆ ದಾಳಿಯಿಟ್ಟನು. ಅವನನ್ನು ಕಂಠೀರವನು ಹಿಮ್ಮೆಟ್ಟಿಸಿದನು. ಆ ಹೊತ್ತಿನಲ್ಲಿ ಕೋಟೆಯೊಳಗೆ ವಿಷವಿಕ್ಕುವ ದಳವಾಯಿ ಇನ್ನೂ ಇದ್ದಿದ್ದರೆ ಏನಾಗುತ್ತಿತ್ತೆಂದು ಊಹಿಸಬಹುದು. ತರುವಾಯದ ಇಪ್ಪತ್ತು ವರ್ಷಗಳಲ್ಲಿ ಅವನು ದಳವಾಯಿಗಳನ್ನು ಮತ್ತೆ ಮತ್ತೆ ಬದಲಾಯಿಸುತ್ತ ಬಂದನು. ಯಾರೊಬ್ಬನೂ ಆ ಪದವಿಯಲ್ಲಿ ಬೇರೂರಲಿಲ್ಲ. ತನ್ನ ಹೆಸರಿನ ಹಣವನ್ನು ಟಂಕಿಸಿದನು. ಕಂಠೀರಾಯ ಹಣವೆಂದು ಅದು ಬಹುಕಾಲ ಚಲಾವಣೆಯಲ್ಲಿತ್ತು.

ಇಲ್ಲಿಗೆ ಕಥೆಯನ್ನು ಮುಗಿಸಿದರೆ ಮೈಸೂರಿನ ಮಕ್ಕಳಿಗೆ ಅದು ಸಂತೋಷದ ಕಥೆ. ಆದರೆ ನಿಲಕ್ಕೋಟ್ಟೈಯಲ್ಲಿ ನಿಂತು ಹೇಳುವವರು ಅಲ್ಲಿಗೆ ನಿಲ್ಲಿಸಲಾಗದು. ಇದೇ ರಣಧೀರನ ಆಳ್ವಿಕೆಯ ಕಡೆಯ ವರ್ಷಗಳಲ್ಲಿ, ೧೬೫೬ರ ಸುಮಾರಿಗೆ, ಮೈಸೂರಿನ ದಂಡು ಸತ್ಯಮಂಗಲದ ದಾರಿಯಾಗಿ ಮಧುರೆಯ ಸೀಮೆಗೆ ನುಗ್ಗಿತು. ಕೈಗೆ ಸಿಕ್ಕವರ ಮೂಗುಗಳನ್ನು ಕೊಯ್ದು ರಾಶಿಹಾಕಿತೆಂದೂ, ಕೊಯ್ದ ಮೂಗುಗಳಿಗೆ ಬಹುಮಾನವಿತ್ತೆಂದೂ ಹೇಳುತ್ತಾರೆ. ತಮಿಳರು ಆ ಕಾಳಗವನ್ನು ‘ಮೂಕ್ಕರುಪ್ಪು ಪೋರ್’, ಎಂದರೆ ಮೂಗು ಕೊಯ್ದ ಯುದ್ಧ, ಎಂದು ಇಂದಿಗೂ ಕರೆಯುತ್ತಾರೆ. ಮಧುರೆಯ ತಿರುಮಲ ನಾಯಕನು ರೋಗಪೀಡಿತನಾಗಿದ್ದನು. ರಾಮನಾಥಪುರದ ರಘುನಾಥ ಸೇತುಪತಿ ನೆರವಿಗೆ ಬಂದು ಮೈಸೂರಿನವರನ್ನು ದಿಂಡಿಗಲ್ಲಿನ ಕಡೆಗೆ ಹಿಂದಟ್ಟಿದನು. ಬಳಿಕ ಮಧುರೆಯ ದಂಡು ಮೈಸೂರು ಸೀಮೆಗೆ ಹೋಗಿ ಅದೇ ಬಗೆಯಲ್ಲಿ ಸೇಡು ತೀರಿಸಿಕೊಂಡಿತು. ಕಂಠೀರವನೂ ತಿರುಮಲ ನಾಯಕನೂ ಒಂದೇ ವರ್ಷ, ೧೬೫೯ರಲ್ಲಿ, ತೀರಿಕೊಂಡರು. ಯಾವ ಅರಸನ ಮೂಗಿಗಾಗಿ ಯಾವ ರೈತನ ಮೂಗು ಹೋಯಿತೆಂದು ಯಾರೂ ಲೆಕ್ಕವಿಟ್ಟಿಲ್ಲ.

ಕನ್ನಡವನ್ನಾಡುವ ನಾವು ಈ ಪುಟವನ್ನು ಮಕ್ಕಳಿಂದ ಮರೆಮಾಚಬಾರದು. ಆ ದಂಡಿನಲ್ಲಿ ಕೇಳುತ್ತಿದ್ದ ನುಡಿ ನಮ್ಮ ಮನೆಯ ನುಡಿ. ಮೂಗು ಕಳೆದುಕೊಂಡ ಊರುಗಳು ನಮ್ಮ ನೆರೆಹೊರೆಯ ಊರುಗಳು. ನುಡಿಯ ಅಭಿಮಾನಕ್ಕೂ ಅರಸನ ಅಭಿಮಾನಕ್ಕೂ ಅಂತರವಿದೆಯೆಂಬುದನ್ನು ಗಡಿಯಾಚೆಯ ಕನ್ನಡಿಗರಿಗಿಂತ ಚೆನ್ನಾಗಿ ಬಲ್ಲವರು ಯಾರಿದ್ದಾರೆ? ಪಕ್ಷಪಾತವೆಂಬುದು ಒಬ್ಬ ದಳವಾಯಿಯ ಮೇಲೆ ಮಾತ್ರ ಹುಟ್ಟುವುದಿಲ್ಲ. ನಮ್ಮವನೆಂಬ ಒಂದೇ ಕಾರಣಕ್ಕೆ ಒಬ್ಬ ಅರಸನ ತಪ್ಪನ್ನು ಮುಚ್ಚುವುದೂ ಪಕ್ಷಪಾತವೇ.

ಕಂಠೀರವನು ಕಲಿತ ಪಾಠವನ್ನು ಅವನ ವಂಶದ ಮುಂದಿನವರು ಉಳಿಸಿಕೊಳ್ಳಲಿಲ್ಲ. ಹದಿನೆಂಟನೆಯ ಶತಮಾನದಲ್ಲಿ ಕಳಲೆಯ ಮನೆತನದ ದಳವಾಯಿಗಳು ರಾಜ್ಯವನ್ನೇ ಆವರಿಸಿದರು. ೧೭೩೪ರಲ್ಲಿ ದಳವಾಯಿ ದೇವರಾಜಯ್ಯನ ಕಡೆಯವರು ಏಳನೆಯ ಚಾಮರಾಜ ಒಡೆಯನನ್ನು ಪಟ್ಟದಿಂದ ಇಳಿಸಿ ಕಬ್ಬಾಳದುರ್ಗಕ್ಕೆ ಕಳುಹಿಸಿದರು. ಅವನು ಅಲ್ಲಿಯೇ ಸತ್ತನು. ವಿಕ್ರಮರಾಯನು ಕತ್ತಲೆಯಲ್ಲಿ ವಿಷದಿಂದ ಮಾಡಿದುದನ್ನು ಇವರು ಹಗಲಿನಲ್ಲಿಯೇ ಮಾಡಿದರು. ಒಂದು ಶತಮಾನದೊಳಗೆ ದ್ರೋಹವು ಆಡಳಿತದ ಪದ್ಧತಿಯಾಗಿತ್ತು.

ಅನಂತರದ ಅಂಕ ನಡೆದುದು ದಿಂಡಿಗಲ್ಲಿನಲ್ಲಿ. ೧೭೪೯ರಲ್ಲಿ ದೇವನಹಳ್ಳಿಯ ಮುತ್ತಿಗೆಯ ಕಾಲದಲ್ಲಿ ಹೈದರನೆಂಬ ಸವಾರನು ಕರಾಚೂರಿ ನಂಜರಾಜಯ್ಯನ ಕಣ್ಣಿಗೆ ಬಿದ್ದನು. ನಂಜರಾಜಯ್ಯನು ಸ್ವತಃ ಕೃತಿಕಾರ, ವಿದ್ವಾಂಸರಿಗೆ ಆಶ್ರಯದಾತ. ಆದರೆ ಮೆಚ್ಚಿದವನನ್ನು ಅಳತೆಯಿ��್ಲದೆ ಎತ್ತುವ ಗುಣ ಅವನಲ್ಲಿತ್ತು. ೧೭೫೫ರಲ್ಲಿ ಹೈದರನು ದಿಂಡಿಗಲ್ಲಿನ ಫೌಜುದಾರನಾಗಿ ಬಂದನು. ಇಲ್ಲಿನ ಪಾಳೆಯಗಾರರನ್ನು ಅಡಗಿಸಿದನು, ಫ್ರೆಂಚ್ ಕುಶಲಕರ್ಮಿಗಳ ನೆರವಿನಿಂದ ಆಯುಧಶಾಲೆಯನ್ನು ಕಟ್ಟಿದನು, ಹಣವನ್ನೂ ದಂಡನ್ನೂ ಕೂಡಿಹಾಕಿದನು. ಶ್ರೀರಂಗಪಟ್ಟಣದ ಆಸ್ಥಾನದಲ್ಲಿ ಅವನ ಕೆಲಸಕಾರ್ಯಗಳನ್ನು ನೋಡಿಕೊಳ್ಳುತ್ತಿದ್ದವನು ಖಂಡೇರಾಯ. ಹೈದರನು ಬೆಳೆದು ತನ್ನ ಪೋಷಕನಾದ ನಂಜರಾಜಯ್ಯನನ್ನೇ ಅಧಿಕಾರದಿಂದ ಸರಿಸಿದನು. ೧೭೬೦ರಲ್ಲಿ ಖಂಡೇರಾಯನು ತನ್ನ ಪೋಷಕನಾದ ಹೈದರನ ಮೇಲೆಯೇ ತಿರುಗಿಬಿದ್ದನು. ಮರುವರ್ಷ ಹೈದರನು ನಂಜರಾಜಯ್ಯನ ಕಾಲಿಗೆ ಬಿದ್ದು ಕ್ಷಮೆಯನ್ನು ಬೇಡಿ, ಅವನ ಹೆಸರಿನಲ್ಲಿ ಸುಳ್ಳುಪತ್ರಗಳನ್ನು ಸೃಷ್ಟಿಸಿ, ಖಂಡೇರಾಯನನ್ನು ಬೆದರಿಸಿ ಓಡಿಸಿದನು. ಗಿಣಿಯಂತೆ ನೋಡಿಕೊಳ್ಳುತ್ತೇನೆಂದು ಮಾತು ಕೊಟ್ಟು ಅವನನ್ನು ತರಿಸಿಕೊಂಡು, ಮಾತಿಗೆ ತಪ್ಪದೆ ಕಬ್ಬಿಣದ ಪಂಜರದಲ್ಲಿಟ್ಟು ಹಾಲು ಅನ್ನ ಹಾಕಿಸಿದನೆಂದು ಪ್ರಸಿದ್ಧಿ. ಕ್ಷಮಿಸಿದ ನಂಜರಾಜಯ್ಯನಿಗೂ ಸೆರೆಯೇ ಗತಿಯಾಯಿತು.

ಮೆಚ್ಚಿ ಮೇಲೆತ್ತಿದವನು ಮೋಸಹೋದನು. ಮೋಸಮಾಡಿದವನು ತಾನು ಮೆಚ್ಚಿದವನಿಂದ ಮೋಸಹೋದನು. ಸರಪಳಿಯ ಕೊಂಡಿಗಳಂತೆ ಒಂದಕ್ಕೊಂದು ಹೆಣೆದುಕೊಂಡ ಈ ಘಟನೆಗಳ ಒಂದು ತುದಿ ಶ್ರೀರಂಗಪಟ್ಟಣದ ಅರಮನೆಯಲ್ಲಿದ್ದರೆ, ಇನ್ನೊಂದು ತುದಿ ನಮ್ಮ ದಿಂಡಿಗಲ್ಲಿನ ಬಂಡೆಯ ಮೇಲಿದೆ. ೧೭೯೨ರ ಶ್ರೀರಂಗಪಟ್ಟಣದ ಒಪ್ಪಂದದಿಂದ ಆ ಕೋಟೆ ಮೈಸೂರಿನ ಕೈತಪ್ಪಿ ಇಂಗ್ಲಿಷ್ ಕಂಪೆನಿಯ ಪಾಲಾಯಿತು. ಇಂದು ಅದು ಕೇಂದ್ರ ಪುರಾತತ್ತ್ವ ಇಲಾಖೆಯ ರಕ್ಷಣೆಯಲ್ಲಿರುವ ಸ್ಮಾರಕ. ಶಾಲೆಯ ಮಕ್ಕಳನ್ನು ಅಲ್ಲಿಗೆ ಕರೆದೊಯ್ಯುವ ಉಪಾಧ್ಯಾಯರು ಗೋಡೆಯ ಎತ್ತರವನ್ನೂ ಫಿರಂಗಿಯ ಕಿಂಡಿಗಳನ್ನೂ ತೋರಿಸುವುದರ ಜೊತೆಗೆ ಈ ಸರಪಳಿಯ ಕಥೆಯನ್ನೂ ಹೇಳಬೇಕೆಂದು ನಮ್ಮ ವಿನಂತಿ.

ಅರಸರ ಕಾಲ ಹೋಯಿತು, ಈಗ ಈ ಪಾಠವೇಕೆ ಎನ್ನುವವರಿಗೆ ಒಂದು ಮಾತು. ಉಪಾಧ್ಯಾಯನು ತನ್ನ ತರಗತಿಗೆ ಸಣ್ಣ ಅರಸನೇ. ನಲವತ್ತು ಮಕ್ಕಳಲ್ಲಿ ಚುರುಕಾದ ಒಬ್ಬನ ಮೇಲೆ ಅವನ ಪ್ರೀತಿ ಹರಿಯುವುದು ಸಹಜ. ಕಪ್ಪುಹಲಗೆ ಒರೆಸುವುದು ಅವನಿಗೆ, ಹಾಜರಿ ಪುಸ್ತಕ ತರುವುದು ಅವನಿಗೆ, ಗದ್ದಲ ಮಾಡಿದವರ ಹೆಸರು ಬರೆಯುವ ಅಧಿಕಾರವೂ ಅವನಿಗೆ. ಸ್ವಲ್ಪ ದಿನಗಳಲ್ಲಿ ಉಳಿದ ಮಕ್ಕಳು ಉಪಾಧ್ಯಾಯನ ಮುಖವನ್ನು ನೋಡುವುದನ್ನು ಬಿಟ್ಟು ಆ ಹುಡುಗನ ಮುಖವನ್ನು ನೋಡತೊಡಗುತ್ತಾರೆ. ಹೆಸರು ಬರೆಯಬೇಡವೆಂದು ಅವನಿಗೆ ಬಳಪವನ್ನೋ ಕಡಲೆಯನ್ನೋ ಕೊಡುತ್ತಾರೆ. ಆ ಹುಡುಗನು ಹುಟ್ಟಿನಿಂದ ಕೆಟ್ಟವನಲ್ಲ. ಹೊರಲಾರದ ಅಧಿಕಾರವನ್ನು ಅವನ ತಲೆಯ ಮೇಲೆ ಹೊರಿಸಿದವರು ನಾವು. ಇದರಿಂದ ಹಿಂದಿನ ಸಾಲಿನ ಮೂವತ್ತೊಂಬತ್ತು ಮಕ್ಕಳಿಗೆ ಅನ್ಯಾಯವಾಗುವಂತೆ ಮುಂದಿನ ಸಾಲಿನ ಆ ಒಬ್ಬನಿಗೂ ಅನ್ಯಾಯವಾಗುತ್ತದೆ. ಕಂಠೀರವನು ದಳವಾಯಿಗಳನ್ನು ಬದಲಾಯಿಸಿದಂತೆ ನಾವು ವಾರಕ್ಕೊಬ್ಬ ಮುಂದಾಳುವನ್ನು ಬದಲಾಯಿಸಿದರೆ ಸಾಕು. ಬೀಗದ ಕೈಗಳು ಒಂದೇ ನಡುವಿನಲ್ಲಿ ಗೊಂಚಲಾಗುವುದಿಲ್ಲ.

ಸಂಸರ ನಾಟಕವನ್ನು ಪೂರ್ತಿಯಾಗಿ ರಂಗಕ್ಕೆ ತರುವ ಶಕ್ತಿ ಸಣ್ಣ ಶಾಲೆಗಳಿಗೆ ಇರಲಾರದು. ಆದರೆ ಹಿರಿಯ ತರಗತಿಯ ವಿದ್ಯಾರ್ಥಿಗಳಿಂದ ಒಂದೆರಡು ದೃಶ್ಯಗಳನ್ನು ಓದಿಸಬಹುದು. ಅರಸನ ಮಾತನ್ನು ಓದಿದವನಿಗೆ ಮರುದಿನ ದಳವಾಯಿಯ ಮಾತನ್ನು ಕೊಡಬಹುದು. ಆಗ ಅವರಿಗೆ ತಿಳಿಯುತ್ತದೆ, ನಂಬುವುದು ಎಷ್ಟು ಕಠಿಣ, ನಂಬಿಕೆಗೆ ತಕ್ಕವನಾಗಿ ಉಳಿಯುವುದು ಅದಕ್ಕಿಂತ ಎಷ್ಟು ಕಠಿಣ ಎಂಬುದು. ಇಮ್ಮಡಿ ರಾಜ ಒಡೆಯನಿಗೆ ಈ ಮಾತನ್ನು ಹೇಳುವವರು ಅವನ ಆಸ್ಥಾನದಲ್ಲಿ ಉಳಿದಿರಲಿಲ್ಲ. ನಮ್ಮ ಮಕ್ಕಳಿಗೆ ಹೇಳಲು ನಾವಿದ್ದೇವೆ.